ಜನವರಿ 30ರ ವೇದಿಕೆಯಲ್ಲಿ ಡೇಮಿಯನ್ ಕಥೆ ಹೇಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರತಿ ವರ್ಷ ಜನವರಿ 30ಕ್ಕೆ ನೀವು ಶಾಮಿಯಾನ ಹಾಕಿಸುತ್ತೀರಿ. ಗಾಂಧೀಜಿಯ ಫೋಟೊಗೆ ಹಾರ, ಕುಷ್ಠರೋಗ ವಿರೋಧಿ ದಿನದ ಬ್ಯಾನರ್, ಎದ್ದು ನಿಂತು ಪ್ರತಿಜ್ಞೆ, ಆಮೇಲೆ ಭಾಷಣ. ಭಾಷಣಕ್ಕೆ ಬಂದವರು ಸ್ವಲ್ಪ ಓದಿಕೊಂಡವರಾದರೆ ಫಾದರ್ ಡೇಮಿಯನ್ ಹೆಸರು ಬಂದೇ ಬರುತ್ತದೆ. ಪೆಸಿಫಿಕ್ ಸಾಗರದ ನಡುವಿನ ದ್ವೀಪಕ್ಕೆ ಹೋಗಿ, ಕುಷ್ಠರೋಗಿಗಳ ಜೊತೆ ಬದುಕಿ, ಅದೇ ರೋಗದಿಂದ ತೀರಿಕೊಂಡ ಬೆಲ್ಜಿಯಂ ದೇಶದ ಪಾದ್ರಿ.

ನಾನು ಕುಷ್ಠರೋಗ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಫೀಲ್ಡ್ ಕೆಲಸ ಮಾಡಿ ನಿವೃತ್ತನಾದವನು. ತುಂಗಭದ್ರೆಯ ಆಚೀಚಿನ ಹಳ್ಳಿಗಳಲ್ಲಿ ಸೈಕಲ್ ತುಳಿದವನು. ಮೈಮೇಲಿನ ಮಚ್ಚೆಗೆ ಪೆನ್ನಿನ ತುದಿ ಮುಟ್ಟಿಸಿ 'ಗೊತ್ತಾಗ್ತದಾ?' ಎಂದು ಕೇಳುವುದೇ ನನ್ನ ಉದ್ಯೋಗವಾಗಿತ್ತು. ನಿಮ್ಮ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸಿದ್ದೇನೆ, ಮೈಕ್ ಕೊಟ್ಟಿದ್ದೇನೆ, ಸುಮ್ಮನೆ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಹಾಗಾಗಿ ಈ ದೂರಿನಲ್ಲಿ ನನ್ನ ಪಾಲೂ ಇದೆ.

ಕೆಲವು ವರ್ಷಗಳ ಹಿಂದಿನ ಮಾತು. ಊರು, ಸಂಸ್ಥೆ ಬೇಡ. ಅವತ್ತು ಭಾಷಣಕಾರರು ಡೇಮಿಯನ್ ಕಥೆಯನ್ನು ಬಹಳ ಚೆನ್ನಾಗಿ ಹೇಳಿದರು. "ಪ್ರಾಣಿಗಳ ಹಾಗೆ ಬದುಕುತ್ತಿದ್ದ ಜನರನ್ನು ಮನುಷ್ಯರನ್ನಾಗಿ ಮಾಡಿದರು" ಎಂದು ಮುಗಿಸಿದರು. ಆಮೇಲೆ ಕಂಬಳಿ ಹಂಚಿಕೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರನ್ನು ವೇದಿಕೆಗೆ ಕರೆದರು. ನಿರೂಪಕರು ಕೂಗಿದ್ದು ಹೆಸರನ್ನಲ್ಲ, "ಈಗ ಫಲಾನುಭವಿಗಳು ಬರಬೇಕು" ಎಂದು. ಫೋಟೊದವನು "ಅಜ್ಜಾರೆ, ಕೈ ಸ್ವಲ್ಪ ಮೇಲೆ" ಎಂದ. ಮಡಚಿಕೊಂಡ ಬೆರಳು ಕಾಣಬೇಕಲ್ಲ.

ಆ ಹಿರಿಯರು ನನಗೆ ಚೆನ್ನಾಗಿ ಗೊತ್ತು. ಮಾತ್ರೆ ಮುಗಿಸಿ ವಾಸಿಯಾಗಿ ಎಷ್ಟೋ ವರ್ಷವಾಗಿತ್ತು. ಬಾವಿ ತೋಡುವ ಕೆಲಸದವರು. ತಮ್ಮ ಕಾಯಿಲೆ ವಾಸಿಯಾದ ಮೇಲೆ ಸುತ್ತಿನ ಊರುಗಳಲ್ಲಿ ಯಾರ ಮೈಮೇಲಾದರೂ ಮಚ್ಚೆ ಕಂಡರೆ ಕೈಹಿಡಿದು ನನ್ನ ಹತ್ತಿರ ಕರೆತರುತ್ತಿದ್ದರು. ನನ್ನ ರಿಜಿಸ್ಟರಿನಲ್ಲಿದ್ದ ಹೆಸರುಗಳಲ್ಲಿ ಎಷ್ಟೋ ಅವರು ಹುಡುಕಿಕೊಟ್ಟಿದ್ದು. ಮೀಟಿಂಗಿನಲ್ಲಿ ಹೊಗಳಿಸಿಕೊಂಡವನು ಮಾತ್ರ ನಾನು. ವೇದಿಕೆ ಇಳಿದು ಬಂದವರು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ಕಂಬಳಿ ಆರಾದ್ವು ಸಾರ್. ಚಪ್ಪಲಿ ಯಾವಾಗ ಬರ್ತಾವು?"

ಅವರು ಕೇಳಿದ್ದು ಎಂ.ಸಿ.ಆರ್. ಚಪ್ಪಲಿ. ಪಾದದಲ್ಲಿ ಸ್ಪರ್ಶಜ್ಞಾನ ಇಲ್ಲದವರಿಗೆ ಮೆತ್ತನೆ ರಬ್ಬರಿನ ಅಡಿ ಹಾಕಿ ಮಾಡುವಂಥದ್ದು. ಅದಿಲ್ಲದಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಹುಣ್ಣಾಗುತ್ತದೆ, ಆಮೇಲೆ ಬೆರಳು ಹೋಗುತ್ತದೆ.

ಅವತ್ತು ಮನೆಗೆ ಹೋದ ಮೇಲೆ ನನಗೊಂದು ಅನುಮಾನ ಹತ್ತಿತು. ನಮ್ಮ ಶಾಮಿಯಾನದಲ್ಲಿ ಆಗಿದ್ದೇ ಆ ದೂರದ ದ್ವೀಪದ ಕಥೆಯಲ್ಲೂ ಆಗಿರಬಹುದಾ? ನಿವೃತ್ತಿಯಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಹೌದು, ಹಾಗೇ ಆಗಿದೆ. ಅದಕ್ಕೇ ಈ ಪತ್ರ.

ಮೊದಲು ಜಾಗ. ಹವಾಯಿ ದ್ವೀಪಗಳಲ್ಲಿ ಮೊಲೊಕಾಯ್ ಒಂದು. ಅದರ ಉತ್ತರ ದಂಡೆಯಿಂದ ಸಮುದ್ರಕ್ಕೆ ನಾಲಿಗೆಯಂತೆ ಚಾಚಿದ ಸಮತಟ್ಟು ನೆಲವೇ ಕಲೌಪಾಪ. ಮೂರು ಕಡೆ ಕಡಲು. ನಾಲ್ಕನೆಯ ಕಡೆ ಒಂದೂವರೆ ಸಾವಿರ ಅಡಿಗೂ ಎತ್ತರದ ಕಡಿದಾದ ಬಂಡೆಗೋಡೆ. ಅದರಲ್ಲಿ ಇಪ್ಪತ್ತಾರು ತಿರುವಿನ ಕಾಲುದಾರಿ. ನಮ್ಮ ಆಗುಂಬೆ ಘಾಟಿಯ ತಿರುವುಗಳನ್ನು ನೆನೆಸಿಕೊಳ್ಳಿ. ಆದರೆ ಇದು ಬಸ್ ಹೋಗುವ ದಾರಿಯಲ್ಲ, ಮನುಷ್ಯ ಇಲ್ಲವೇ ಹೇಸರಗತ್ತೆ ಮಾತ್ರ.

ಭಾಷಣಗಳಲ್ಲಿ ಇದು ಯಾರೂ ಇಲ್ಲದ ಬರಡು ನೆಲ. ಅದು ಸುಳ್ಳು. ಅಲ್ಲಿ ನೂರಾರು ವರ್ಷಗಳಿಂದ ಹವಾಯಿಯ ಮೂಲ ಜನ ಗೆಣಸು, ಕೆಸುವಿನಗಡ್ಡೆ ಬೆಳೆದುಕೊಂಡು, ಮೀನು ಹಿಡಿದುಕೊಂಡು ಇದ್ದರು. ರೋಗಿಗಳಿಗಾಗಿ ಸರ್ಕಾರ ನೆಲ ತೆಗೆದುಕೊಂಡಾಗ ಅವರಲ್ಲಿ ಹೆಚ್ಚಿನವರು ಊರು ಬಿಡಬೇಕಾಯಿತು. ಹಾಗೂ ಹೀಗೂ ಉಳಿದುಕೊಂಡಿದ್ದ ಕೊನೆಯವರನ್ನು 1895ರಲ್ಲಿ ಎಬ್ಬಿಸಿದರು.

ಇನ್ನು ಕಾನೂನು. 1865ರಲ್ಲಿ ಹವಾಯಿ ಇನ್ನೂ ಸ್ವತಂತ್ರ ರಾಜ್ಯ. ಐದನೇ ಕಮೆಹಮೆಹಾ ದೊರೆ. ಹೊರಗಿನಿಂದ ಬಂದ ದಡಾರ, ಸಿಡುಬಿಗೆ ಆ ಜನ ಹುಳುಗಳಂತೆ ಸತ್ತಿದ್ದರು. ಈಗ ಹೊಸದೊಂದು ಕಾಯಿಲೆ ಹರಡುತ್ತಿತ್ತು. ಔಷಧಿ ಇರಲಿಲ್ಲ. ಹೆದರಿಕೆ ಇತ್ತು. ರೋಗ ಇದೆಯೆಂದು ಅನುಮಾನ ಬಂದವರನ್ನು ಹಿಡಿದು ಪರೀಕ್ಷಿಸಿ, ಇದ್ದರೆ ಬೇರೆ ಇಡುವ ಕಾಯಿದೆ ಬಂತು. 1866ರ ಜನವರಿ 6ರಂದು ಮೊದಲ ಹನ್ನೆರಡು ಜನರನ್ನು ಆ ದಂಡೆಯಲ್ಲಿ ಇಳಿಸಿದರು. ನೆಲ ಇದೆಯಲ್ಲ, ಉತ್ತು ಬಿತ್ತು ತಿನ್ನಲಿ ಎಂಬುದು ಅಧಿಕಾರಿಗಳ ಲೆಕ್ಕ. ಬೆರಳಿಲ್ಲದ ಕೈ ನೇಗಿಲು ಹಿಡಿಯುವುದು ಹೇಗೆ ಎಂದು ಫೈಲಿನಲ್ಲಿ ಯಾರೂ ಬರೆಯಲಿಲ್ಲ. ಎಲ್ಲ ದೇಶದ ಆಫೀಸೂ ಒಂದೇ ನೋಡಿ.

ನೂರು ವರ್ಷದಲ್ಲಿ ಸುಮಾರು 8,000 ಜನ ಹೀಗೆ ಹೋದರು. ಬಹುಪಾಲು ಹವಾಯಿಯ ಮೂಲ ಜನರೇ. ಮಕ್ಕಳೂ ಇದ್ದರು. ಹವಾಯಿ ಭಾಷೆಯಲ್ಲಿ ಈ ಕಾಯಿಲೆಗೆ ಬಿದ್ದ ಹೆಸರುಗಳಲ್ಲಿ ಒಂದರ ಅರ್ಥ 'ಕುಟುಂಬವನ್ನು ಬೇರೆ ಮಾಡುವ ರೋಗ'. ನಮ್ಮಲ್ಲಿ 'ದೊಡ್ಡ ರೋಗ' ಎಂದು ದನಿ ತಗ್ಗಿಸಿ ಹೇಳುತ್ತೇವಲ್ಲ, ಅದರಲ್ಲಿ ಭಯ ಇದೆ. ಅವರ ಹೆಸರಿನಲ್ಲಿ ನೋವು ಯಾವುದು ಎಂಬುದೇ ಇದೆ.

ಈಗ ನೀವು ಹೇಳದೆ ಬಿಡುವ ಭಾಗ.

ಡೇಮಿಯನ್ ಅಲ್ಲಿ ಕಾಲಿಟ್ಟಿದ್ದು 1873ರ ಮೇ 10ರಂದು. ಅದಕ್ಕೆ ಏಳು ವರ್ಷ ಮುಂಚೆ, ಮೊದಲ ದೋಣಿ ಬಂದ 1866ರಲ್ಲೇ, 35 ರೋಗಿಗಳು ತಾವೇ ಸೇರಿ ಸಿಲೊವಾಮಾ ಎಂಬ ಪ್ರಾಟೆಸ್ಟಂಟ್ ಸಭೆ ಕಟ್ಟಿಕೊಂಡಿದ್ದರು. 1871ರ ಹೊತ್ತಿಗೆ ಅದಕ್ಕೆ ಸ್ವಂತ ಕಟ್ಟಡವೂ ಆಗಿತ್ತು. ಕ್ಯಾಥೊಲಿಕರಿಗೂ 1872ರಲ್ಲಿ ಚಿಕ್ಕ ಗುಡಿಯೊಂದು ಎದ್ದಿತ್ತು. ಡೇಮಿಯನ್ ದೊಡ್ಡದು ಮಾಡಿದ್ದು ಅದನ್ನೇ. 'ದೇವರೂ ಮರೆತ ಜಾಗಕ್ಕೆ ದೇವರನ್ನು ತಂದವರು' ಎನ್ನುವ ಮಾತು ಕೇಳಲು ಚಂದ. ಆದರೆ ಅಲ್ಲಿ ಆಗಲೇ ಭಾನುವಾರ ಪ್ರಾರ್ಥನೆ ನಡೀತಿತ್ತು.

ಕುಡಿತ ಇತ್ತು, ಜಗಳ ಇತ್ತು, ಬಲವಿದ್ದವರು ಬಲವಿಲ್ಲದವರ ಪಾಲು ಕಸಿಯುತ್ತಿದ್ದರು. ಅದು ನಿಜ, ಮುಚ್ಚಿಡಬೇಕಾಗಿಲ್ಲ. ಊಟ, ನೀರು, ಸೂರು ಸರಿಯಾಗಿ ಕೊಡದೆ ಯಾವ ಊರಿನವರನ್ನು ಹಾಗೆ ತಂದು ಬಿಟ್ಟರೂ ಹಾಗೇ ಆಗುತ್ತದೆ. ಅದಕ್ಕೆ 'ಪ್ರಾಣಿಗಳ ಹಾಗೆ' ಎನ್ನುವುದು ತಪ್ಪು.

ಅಲ್ಲಿ 'ಕೋಕುವಾ' ಎಂದು ಕರೆಯುವ ಜನ ಇದ್ದರು. ಸಹಾಯ ಎಂದು ಅರ್ಥ. ತಮಗೆ ರೋಗ ಇಲ್ಲದಿದ್ದರೂ ಹೆಂಡತಿಯ ಜೊತೆ, ಗಂಡನ ಜೊತೆ, ಮಗುವಿನ ಜೊತೆ ಬಂದು ಉಳಿದವರು. ಗಾಯ ತೊಳೆದವರು, ಅಡುಗೆ ಮಾಡಿದವರು, ನೀರು ಹೊತ್ತವರು. ಅವರಲ್ಲಿ ಒಬ್ಬರ ಹೆಸರು ಮಾತ್ರ ನೀವು ದಯವಿಟ್ಟು ಬರೆದಿಟ್ಟುಕೊಳ್ಳಬೇಕು: ಜೊನಾಥನ್ ನಪೇಲ.

ನಪೇಲ ಮಾವಿ ದ್ವೀಪದ ದೊಡ್ಡ ಮನೆತನದವರು. ನ್ಯಾಯಾಧೀಶರಾಗಿದ್ದವರು. ಮಾರ್ಮನ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿ, ಅವರ ಧರ್ಮಗ್ರಂಥವನ್ನು ಹವಾಯಿ ಭಾಷೆಗೆ ತರಲು ನೆರವಾದವರು. ಹೆಂಡತಿ ಕಿಟಿಗೆ ರೋಗ ಕಂಡಿತು. 1873ರಲ್ಲಿ, ಡೇಮಿಯನ್ ಬಂದ ವರ್ಷವೇ, ಇವರೂ ಹೆಂಡತಿಯ ಜೊತೆ ಕಲೌಪಾಪಕ್ಕೆ ಬಂದರು. ಕೆಲವು ಕಾಲ ಅಲ್ಲಿನ ಮೇಲ್ವಿಚಾರಣೆಯನ್ನೂ ನೋಡಿಕೊಂಡರು. ಆ ಕೆಲಸ ಕೈತಪ್ಪಿ, ರೋಗವಿಲ್ಲದವರು ಹೊರಗೆ ಹೋಗಬೇಕು ಎಂಬ ಮಾತು ಬಂದಾಗ ಸರ್ಕಾರಕ್ಕೆ ಅರ್ಜಿ ಹಾಕಿದರು. ಹೆಂಡತಿಯನ್ನು ಬಿಟ್ಟು ಹೋಗಲಾರೆ, ಇಲ್ಲೇ ಇರಲು ಬಿಡಿ ಎಂದು. ಬಿಟ್ಟರು. ಆಮೇಲೆ ಅವರಿಗೂ ರೋಗ ಬಂತು. 1879ರಲ್ಲಿ ತೀರಿಕೊಂಡರು. ಡೇಮಿಯನ್ ತೀರಿಕೊಂಡಿದ್ದು ಅದಕ್ಕೆ ಹತ್ತು ವರ್ಷ ಆದಮೇಲೆ.

ಇಬ್ಬರೂ ಸ್ನೇಹಿತರಾಗಿದ್ದರು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಇನ್ನೊಬ್ಬ ಮಾರ್ಮನ್. ಇಬ್ಬರೂ ಬೇಕೆಂದೇ ಬಂದವರು, ಇಬ್ಬರೂ ಅದೇ ರೋಗದಿಂದ ಹೋದವರು. ಒಬ್ಬರಿಗೆ ದೇಶದೇಶಗಳಲ್ಲಿ ಪ್ರತಿಮೆ. ಇನ್ನೊಬ್ಬರ ಹೆಸರು ನಮ್ಮ ಯಾವ ಶಾಮಿಯಾನದಲ್ಲೂ ಕೇಳಿಲ್ಲ. ಹೆಂಡತಿಗಾಗಿ ಬಂದವನು ಸೇವೆ ಮಾಡಿದ ಹಾಗೆ ಲೆಕ್ಕವಿಲ್ಲವೋ ಏನೋ! ಮನೆಯವರು ಮಾಡಿದರೆ ಕರ್ತವ್ಯ, ಹೊರಗಿನವರು ಮಾಡಿದರೆ ತ್ಯಾಗ. ನಮ್ಮ ಕಡೆಯೂ ಹಾಗೇ ಅಲ್ವಾ?

ಇಷ್ಟು ಹೇಳಿದ ಮಾತ್ರಕ್ಕೆ ಡೇಮಿಯನ್ ಅವರನ್ನು ಕೆಳಗಿಳಿಸಲು ಹೊರಟೆ ಎಂದುಕೊಳ್ಳಬೇಡಿ. ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ನೀವು ಹೇಳುವುದಕ್ಕಿಂತ ಅವರು ದೊಡ್ಡವರು. ಬೇರೆ ಕಾರಣಕ್ಕೆ.

ನೀವು 'ತ್ಯಾಗಮೂರ್ತಿ' ಎನ್ನುತ್ತೀರಿ. ನನಗೆ ಕಾಣುವುದು ಒಬ್ಬ ಹಟಮಾರಿ ಬಡಗಿ. 1840ರಲ್ಲಿ ಟ್ರೆಮೆಲೊ ಎಂಬ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವರು. ಗರಗಸ, ಸುತ್ತಿಗೆ ಹಿಡಿಯಲು ಬರುತ್ತಿತ್ತು. ರೋಗಿಗಳ ಜೊತೆ ಸೇರಿ ಮನೆ ಕಟ್ಟಿದರು, ಕಣಿವೆಯ ನೀರನ್ನು ಕೊಳವೆಯಲ್ಲಿ ತಂದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಒಂದೇ ಬಟ್ಟಲಿಗೆ ಕೈಹಾಕಿ ಅವರೊಡನೆ 'ಪೋಯ್' ತಿಂದರು. ಪೋಯ್ ಎಂದರೆ ಕೆಸುವಿನಗಡ್ಡೆ ಬೇಯಿಸಿ ಕುಟ್ಟಿ ಮಾಡುವ ಅಂಬಲಿಯಂಥದ್ದು. ಹುಣ್ಣಿನ ವಾಸನೆ ತಡೆಯಲಾರದೆ ಪೈಪ್ ಸೇದುವುದು ರೂಢಿ ಮಾಡಿಕೊಂಡರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ನನಗೆ ಈ ಒಂದು ವಿವರ ಸಾಕು. ಹುಣ್ಣಿಗೆ ಪಟ್ಟಿ ಕಟ್ಟಿದವರಿಗೆ ಗೊತ್ತು, ಆ ವಾಸನೆ ಪುಣ್ಯವಂತರಿಗೂ ಒಂದೇ.

ಇನ್ನೊಂದು, ಅರ್ಜಿ. ಮರ ಕಳಿಸಿ, ಬಟ್ಟೆ ಕಳಿಸಿ, ಡಾಕ್ಟರನ್ನು ಕಳಿಸಿ ಎಂದು ಆರೋಗ್ಯ ಮಂಡಳಿಯವರ ತಲೆ ತಿಂದರು. ಅವರ ಮೇಲಿನ ಪಾದ್ರಿಗಳಿಗೂ ಈ ಮನುಷ್ಯ ತಲೆನೋವೇ. ಸಿಟ್ಟು ಜಾಸ್ತಿ, ಯಾರ ಮಾತೂ ಕೇಳುವವರಲ್ಲ. ಶುರುವಿನಲ್ಲಿ ಡೇಮಿಯನ್ ಕೂಡ ಹೊರಗೆ ಹೋಗುವಂತಿಲ್ಲ ಎಂದು ಮಂಡಳಿಯವರು ನಿಯಮ ಮಾಡಿದರು. ಒಮ್ಮೆ ಅವರ ಹಿರಿಯ ಪಾದ್ರಿ ಹಡಗಿನಲ್ಲಿ ಬಂದಾಗ ದಡಕ್ಕಿಳಿಯಲು ಬಿಡಲಿಲ್ಲ. ಡೇಮಿಯನ್ ಸಣ್ಣ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಹೋಗಿ, ಕೆಳಗಿನಿಂದಲೇ ಜೋರಾಗಿ ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪನಿವೇದನೆ ಕೂಗಿ ಹೇಳಿದರು. ಈ ಪ್ರಸಂಗ ಓದಿದಾಗ ನಗು ಬರಬೇಕಾ ಅಳು ಬರಬೇಕಾ ಗೊತ್ತಾಗಲಿಲ್ಲ.

ಮತಾಂತರ ಮಾಡಿದರಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾಡಿದರು. ಪಾದ್ರಿಯಾಗಿ ಹೋದವರು, ದೀಕ್ಷೆ ಕೊಟ್ಟರು. ಪ್ರಾಟೆಸ್ಟಂಟರ ಜೊತೆ ಪೈಪೋಟಿಯೂ ಇತ್ತು. ಮುಚ್ಚಿಡುವುದು ಏನಿದೆ? ಆದರೆ ಶವಪೆಟ್ಟಿಗೆಗೆ ಅಳತೆ ತೆಗೆಯುವಾಗ ಇವನು ಯಾವ ಪಂಥ ಎಂದು ಕೇಳಿದ ಮನುಷ್ಯ ಅಂತೂ ಅಲ್ಲ. ಎರಡೂ ಒಬ್ಬರೇ ಮನುಷ್ಯ ಮಾಡಿದ್ದು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ, ಹೊಗಳಿದರೂ ತೆಗಳಿದರೂ, ಅರ್ಧ ಮನುಷ್ಯನ ಕಥೆಯಾಗುತ್ತದೆ.

1884ರ ಕೊನೆಯಲ್ಲಿ ಒಂದು ದಿನ ಕಾಲನ್ನು ಬಿಸಿನೀರಿನಲ್ಲಿ ಇಟ್ಟರು. ಚರ್ಮ ಬೊಬ್ಬೆ ಎದ್ದಿತು. ನೋವಾಗಲಿಲ್ಲ. ನಾನು ಮೂವತ್ತು ವರ್ಷ ಕೇಳಿದ ಪ್ರಶ್ನೆಗೆ ಅವರ ಕಾಲೇ ಉತ್ತರ ಕೊಟ್ಟಿತ್ತು. 1889ರ ಏಪ್ರಿಲ್ 15ರಂದು ತೀರಿಕೊಂಡರು. 49 ವರ್ಷ.

ಅವರು ಹೋದ ಕೂಡಲೇ ಒಂದು ಜಗಳ ಹತ್ತಿತು. ಹೊನೊಲುಲುವಿನ ಹೈಡ್ ಎಂಬ ಪ್ರಾಟೆಸ್ಟಂಟ್ ಪಾದ್ರಿ, ಡೇಮಿಯನ್ ಕೊಳಕ, ಹಟಮಾರಿ, ನಡತೆ ಸರಿಯಿಲ್ಲದವನು ಎಂದು ಸ್ನೇಹಿತನಿಗೆ ಕಾಗದ ಬರೆದ. ಅದು ಅಚ್ಚಾಯಿತು. ಡೇಮಿಯನ್ ಹೋದ ಸ್ವಲ್ಪ ದಿನಕ್ಕೇ ಕಲೌಪಾಪ ನೋಡಿ ಬಂದಿದ್ದ ಲೇಖಕ ಸ್ಟೀವನ್‌ಸನ್ 1890ರಲ್ಲಿ ಅದಕ್ಕೆ ಉತ್ತರವಾಗಿ ಒಂದು ಬಹಿರಂಗ ಪತ್ರ ಬರೆದ. ಉರಿ ಉರಿ ಬೆಂಕಿಯಂಥ ಪತ್ರ. ಹೈಡ್ ಇವತ್ತು ಯಾರಿಗಾದರೂ ಗೊತ್ತಿದ್ದರೆ ಆ ಪತ್ರದಿಂದಲೇ. ನಾನೂ ಬಹಿರಂಗ ಪತ್ರವನ್ನೇ ಬರೆಯುತ್ತಿದ್ದೇನೆ, ಹಾಗಾಗಿ ಅದನ್ನು ಗೌರವದಿಂದ ನೆನೆಯುತ್ತೇನೆ. ಆದರೂ ಒಂದು ಮಾತು. ಹೊರಗಿನಿಂದ ಬಂದ ಇಬ್ಬರು, ಹೊರಗಿನಿಂದ ಬಂದ ಮೂರನೆಯವನು ಒಳ್ಳೆಯವನೋ ಕೆಟ್ಟವನೋ ಎಂದು ಜಗತ್ತಿನೆದುರು ವಾದ ಮಾಡಿದರು. ಹದಿನಾರು ವರ್ಷ ಆ ಮನುಷ್ಯನ ಜೊತೆ ಒಂದೇ ಬಟ್ಟಲಿನಲ್ಲಿ ಉಂಡವರ ಕಾಗದ ಮಾತ್ರ ಯಾರೂ ಅಚ್ಚು ಹಾಕಲಿಲ್ಲ.

ಅವರಲ್ಲಿ ಬರೆಯಬಲ್ಲವರು ಇದ್ದರು. ಆಂಬ್ರೋಸ್ ಹಚಿಸನ್ ಎಂಬುವರು 1879ರಲ್ಲಿ ಯುವಕನಾಗಿ ರೋಗಿಯಾಗಿ ಬಂದವರು. ಆಮೇಲೆ ವರ್ಷಗಟ್ಟಲೆ ಆ ವಸತಿಯ ಮೇಲ್ವಿಚಾರಕರಾಗಿದ್ದರು. ಅಂದರೆ ಡೇಮಿಯನ್ ಮರ ಬೇಕು, ಮೊಳೆ ಬೇಕು ಎಂದು ಕೇಳಬೇಕಾಗಿದ್ದ ಮನುಷ್ಯ ಒಬ್ಬ ರೋಗಿ! ಹಚಿಸನ್ ಡೇಮಿಯನ್ ಬಗ್ಗೆ ತಮ್ಮ ನೆನಪುಗಳನ್ನು ಬರೆದಿಟ್ಟರು. 1932ರವರೆಗೆ, ಐವತ್ತಮೂರು ವರ್ಷ ಅಲ್ಲೇ ಬದುಕಿದರು. ನಮ್ಮ ಭಾಷಣಗಳಲ್ಲಿ ಈ ಮನುಷ್ಯ ಎಲ್ಲಿ?

ಮರಿಯಾನ್ ಕೋಪ್ ಎಂಬ ಸಿಸ್ಟರ್ ಬಗ್ಗೆಯೂ ಒಂದು ಮಾತು. ಹವಾಯಿಯಿಂದ ಐವತ್ತಕ್ಕೂ ಹೆಚ್ಚು ಕಡೆಗೆ ಸಹಾಯ ಕೋರಿ ಕಾಗದ ಹೋಗಿತ್ತು. ಬರುತ್ತೇನೆ ಎಂದವರು ಇವರೇ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಆಸ್ಪತ್ರೆ ನಡೆಸಿ ಗೊತ್ತಿದ್ದವರು. 1883ರಲ್ಲಿ ಹವಾಯಿಗೆ ಬಂದರು, 1888ರ ನವೆಂಬರಿನಲ್ಲಿ ಕಲೌಪಾಪಕ್ಕೆ. 1918ರಲ್ಲಿ ಅಲ್ಲೇ ತೀರಿಕೊಂಡರು. ಜೊತೆಗೆ ಬಂದ ಸಿಸ್ಟರ್‌ಗಳಿಗೆ, ನಿಮಗ್ಯಾರಿಗೂ ರೋಗ ತಗುಲುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಯಾರಿಗೂ ತಗುಲಲಿಲ್ಲ. ಪವಾಡ ಎನ್ನಬೇಡಿ ದಯವಿಟ್ಟು. ಕೈ ತೊಳೆಯುವುದನ್ನು ಕಟ್ಟುನಿಟ್ಟು ಮಾಡಿದ್ದರು. ಈ ರೋಗ ಹಾಗೆಲ್ಲ ಸುಲಭಕ್ಕೆ ಅಂಟುವುದೂ ಇಲ್ಲ. ನೂರರಲ್ಲಿ ತೊಂಬತ್ತೈದು ಜನರ ಮೈಯಲ್ಲಿ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ವೇದಿಕೆಯ ಮೇಲೆ ಸತ್ತ ಪಾದ್ರಿಯ ಕಥೆ ಮಾತ್ರ ಹೇಳಿದರೆ ಕೆಳಗೆ ಕೂತ ಹೆಣ್ಣುಮಗಳು ಮನೆಗೆ ಒಯ್ಯುವ ಪಾಠ ಏನು? 'ಮುಟ್ಟಿದರೆ ಬರುತ್ತದೆ, ಸಾಯುತ್ತೇವೆ' ಎಂದು. ಸಾಯದ ಸಿಸ್ಟರ್‌ಗಳ ಕಥೆಯೂ ಜೊತೆಗೆ ಹೋಗಲಿ. ನಾನು ಮೂವತ್ತು ವರ್ಷ ಮುಟ್ಟಿದ್ದೇನೆ. ನನಗೆ ಇರುವುದು ಸಕ್ಕರೆ ಕಾಯಿಲೆ.

ಇನ್ನು ಔಷಧಿ. ಡೇಮಿಯನ್ ಮೊಲೊಕಾಯ್‌ಗೆ ಬಂದ 1873ರಲ್ಲೇ ನಾರ್ವೆಯ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯಾ ಕಂಡುಹಿಡಿದರು. ಶಾಪ ಅಲ್ಲ, ಪಾಪ ಅಲ್ಲ, ಒಂದು ಸೂಕ್ಷ್ಮಜೀವಿ ಎಂದು ಗೊತ್ತಾಯಿತು. ಆದರೆ ಗುಣವಾಗುವ ಮದ್ದು ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ನಡುವಿನಲ್ಲಿ ಒಂದು ಎಣ್ಣೆ ಇತ್ತು, ಚಾಲ್ಮೊಗ್ರ. ಏಷ್ಯಾದ ಮರಗಳ ಬೀಜದ್ದು. ಅದೇ ಜಾತಿಯ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಗರುಡಫಲ ಎನ್ನುತ್ತಾರೆ. ಎಣ್ಣೆ ಕುಡಿದರೆ ವಾಂತಿ, ಚುಚ್ಚಿದರೆ ಮೈಯೊಳಗೆ ಗಂಟು. ಅದನ್ನು ಮೈಗೆ ಹಿಡಿಯುವ ಇಂಜೆಕ್ಷನ್ ಮಾಡುವ ದಾರಿಯನ್ನು ಹೊನೊಲುಲುವಿನ ಕಾಲೇಜಿನಲ್ಲಿ ಆಲಿಸ್ ಬಾಲ್ ಎಂಬ ಕಪ್ಪು ಹುಡುಗಿ ಕಂಡುಹಿಡಿದಳು. 1916ರ ಕೊನೆಗೆ, 24ನೇ ವಯಸ್ಸಿಗೇ ತೀರಿಕೊಂಡಳು. ಕಾಲೇಜಿನ ದೊಡ್ಡವರೊಬ್ಬರು ಆ ಕೆಲಸವನ್ನು ಅವಳ ಹೆಸರಿಲ್ಲದೆ ಪ್ರಕಟಿಸಿದರು. ಅಲ್ಲಿನ ವಿಶ್ವವಿದ್ಯಾಲಯದ ಆವರಣದ ಚಾಲ್ಮೊಗ್ರ ಮರದ ಬುಡದಲ್ಲಿ ಅವಳ ಹೆಸರಿನ ಫಲಕ ಬಂದಿದ್ದು 2000ರಲ್ಲಿ.

1946ರಲ್ಲಿ ಕಲೌಪಾಪಕ್ಕೆ ಸಲ್ಫೋನ್ ಮದ್ದು ಬಂತು. ಜನ ಗುಣವಾಗತೊಡಗಿದರು. ಆದರೂ ಪ್ರತ್ಯೇಕ ಇಡುವ ಕಾಯಿದೆ ಹೋಗಿದ್ದು 1969ರಲ್ಲಿ. ಮದ್ದು ಬಂದು ಇಪ್ಪತ್ತಮೂರು ವರ್ಷ ಆದಮೇಲೆ! ನಾವು ನಗುವಂತಿಲ್ಲ. ಬ್ರಿಟಿಷರು 1898ರಲ್ಲಿ ಮಾಡಿದ ಕುಷ್ಠರೋಗಿಗಳ ಕಾಯಿದೆ ನಮ್ಮ ಪುಸ್ತಕದಿಂದ ಹೋಗಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಈ ರೋಗ ಇದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡಬಹುದು ಎಂಬ ಮಾತು ಹೋಗಿದ್ದು 2019ರಲ್ಲಿ. ಆ ಹೊತ್ತಿಗೆ ರೋಗ ವಾಸಿಮಾಡುವ ಎಂ.ಡಿ.ಟಿ. (ಹಲವು ಔಷಧಿ ಒಟ್ಟಿಗೆ ಕೊಡುವ) ಮಾತ್ರೆ ನಮ್ಮ ಹಳ್ಳಿಗಳಿಗೆ ಬಂದು ದಶಕಗಳೇ ಆಗಿದ್ದವು. ಆರು ತಿಂಗಳು, ಇಲ್ಲವೇ ಒಂದು ವರ್ಷ. ಪುಕ್ಕಟೆ.

ಕಲೌಪಾಪದಲ್ಲಿ ಹುಟ್ಟಿದ ಮಕ್ಕಳ ವಿಷಯ ನನಗೆ ಬರೆಯಲು ಕಷ್ಟ. ರೋಗಿಗಳಿಗೆ ಹುಟ್ಟಿದ ಕೂಸನ್ನು ಕೂಡಲೇ ತೆಗೆದುಕೊಂಡು ಹೋಗುತ್ತಿದ್ದರು. ತಾಯಿ ಗಾಜಿನ ಆಚೆಯಿಂದ ನೋಡಬೇಕು. ಆಮೇಲೆ ಮಗು ಯಾರೋ ನೆಂಟರಿಗೆ ಇಲ್ಲವೇ ದತ್ತು. ಹೊರಗಿನಿಂದ ನೋಡಲು ಬಂದವರಿಗೂ ರೋಗಿಗಳಿಗೂ ನಡುವೆ ತಂತಿ ಜಾಲರಿ. ಇವತ್ತಿಗೂ 16 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ.

1969ರಲ್ಲಿ ಬಾಗಿಲು ತೆಗೆದಾಗ ಎಷ್ಟೋ ಜನ ಹೊರಗೆ ಹೋಗಲಿಲ್ಲ. ಎಲ್ಲಿಗೆ ಹೋಗುವುದು? ಮನೆ ಇದೇ ಆಗಿಬಿಟ್ಟಿತ್ತು. ಮೊದಲು ಬಲವಂತವಾಗಿ ತಂದ ಸರ್ಕಾರವೇ ಆಮೇಲೆ ಇನ್ನೊಂದು ಕಡೆ ಬಲವಂತವಾಗಿ ಎಬ್ಬಿಸಿದ ಕಥೆಯೂ ಇದೆ. ಒವಾಹು ದ್ವೀಪದಲ್ಲಿ ಹಾಲೆ ಮೊಹಾಲು ಎಂಬ ಆರೈಕೆ ಕೇಂದ್ರ ಇತ್ತು. 1978ರಲ್ಲಿ ಅದನ್ನು ಮುಚ್ಚುತ್ತೇವೆ ಎಂದರು. ರೋಗಿಗಳು ಬಿಡುವುದಿಲ್ಲ ಎಂದರು. ನೀರು, ಕರೆಂಟು ಕಿತ್ತರೂ ಅಲ್ಲೇ ಕೂತರು. ಐದು ವರ್ಷ! 1983ರಲ್ಲಿ ಪೊಲೀಸರು ಬಂದು ಹಿಡಿದು ಹೊರಹಾಕಿದರು. ಮುಂದೆ ನಿಂತವರು ಬರ್ನಾರ್ಡ್ ಪುನಿಕಾಯ. ಮಗುವಾಗಿದ್ದಾಗಲೇ ತಾಯಿಯಿಂದ ಬೇರೆಯಾದವರು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಫಲಾನುಭವಿ.

2009 ಒಂದು ವಿಚಿತ್ರ ವರ್ಷ. ಆ ವರ್ಷದ ಅಕ್ಟೋಬರಿನಲ್ಲಿ ರೋಮ್ ನಗರದಲ್ಲಿ ಡೇಮಿಯನ್ ಅವರನ್ನು ಸಂತ ಎಂದು ಸಾರಿದರು. ಕಲೌಪಾಪದ ಕೆಲವು ಹಿರಿಯರು ಅಷ್ಟು ದೂರ ಹೋಗಿ ಬಂದರು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಒಬಾಮಾ ಇನ್ನೊಂದು ಕಾಗದಕ್ಕೆ ಸಹಿ ಹಾಕಿದ್ದರು. ಕಲೌಪಾಪಕ್ಕೆ ಕಳಿಸಿದ ಸುಮಾರು 8,000 ಜನರ ಹೆಸರನ್ನೂ ಕೆತ್ತಿದ ಸ್ಮಾರಕ ಕಟ್ಟಲು ಒಪ್ಪಿಗೆ ಕೊಡುವ ಕಾನೂನು. ಅದಕ್ಕಾಗಿ ಓಡಾಡಿದವರು ರೋಗಿಗಳು, ಅವರ ವಂಶದವರು. ಯಾಕೆಂದರೆ ಅಲ್ಲಿ ಸತ್ತವರಲ್ಲಿ ಹೆಚ್ಚಿನವರ ಸಮಾಧಿಗೆ ಗುರುತೇ ಇಲ್ಲ. ಡೇಮಿಯನ್ ಅವರ ದೇಹವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ದರು. 1995ರಲ್ಲಿ ಬಲಗೈಯನ್ನು ಮಾತ್ರ ತಂದು ಮತ್ತೆ ಅದೇ ನೆಲದಲ್ಲಿ ಇಟ್ಟರು. ಒಬ್ಬರ ಒಂದು ಕೈಗೆ ಎರಡು ದೇಶಗಳ ನಡುವೆ ಪ್ರಯಾಣ. ಸಾವಿರಾರು ಜನರಿಗೆ ಒಂದು ಕಲ್ಲೂ ಇಲ್ಲ. ಆ ಸಂತನ ಕೈಯನ್ನೇ ಕೇಳಿದ್ದರೆ ಮೊದಲು ಕಲ್ಲು ಕೆತ್ತುತ್ತಿತ್ತೇನೋ. ಬಡಗಿಯ ಕೈಯಲ್ಲವೇ!

ಸುಮ್ಮನೆ ದೂರದ ಜನರ ಮೇಲೆ ಬೊಟ್ಟು ಮಾಡಿ ಮುಗಿಸಲಾರೆ. ನೀವು ಹಾರ ಹಾಕುವ ಫೋಟೊದ ಪಕ್ಕದಲ್ಲಿ ಇನ್ನೊಂದು ಚಿತ್ರ ಇರುತ್ತದೆ. ಗಾಂಧೀಜಿ ಒಬ್ಬ ರೋಗಿಯ ಆರೈಕೆ ಮಾಡುತ್ತಿರುವುದು. ಕೆಳಗೆ 'ಕುಷ್ಠರೋಗಿಯ ಸೇವೆಯಲ್ಲಿ ಬಾಪು' ಎಂದು ಬರೆದಿರುತ್ತೀರಿ. ಆ ರೋಗಿಗೆ ಹೆಸರಿದೆ. ಪರಚುರೆ ಶಾಸ್ತ್ರಿ. ಸಂಸ್ಕೃತ ವಿದ್ವಾಂಸರು.

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಡೇಮಿಯನ್ ಕಾಲದ ಆಸುಪಾಸಿನಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅವರ ಹೆಸರಿನ ಆಸ್ಪತ್ರೆ ಎಲ್ಲರಿಗೂ ಗೊತ್ತು. ಅಲ್ಲಿ ಮೊದಲು ಬಂದು ಮಲಗಿದವರು ಯಾರು, ಯಾವ ಊರಿನವರು? ನಾನೂ ಯಾವತ್ತೂ ಕೇಳಿರಲಿಲ್ಲ.

ಈಗ ನನ್ನ ಕೋರಿಕೆ. ಮುಂದಿನ ಜನವರಿ 30ಕ್ಕೆ ಡೇಮಿಯನ್ ಕಥೆ ಹೇಳಿ, ಬೇಡ ಎನ್ನುವುದಿಲ್ಲ. ಜೊತೆಗೆ ನಪೇಲನ ಹೆಸರು ಹೇಳಿ, ಹಚಿಸನ್ ಹೆಸರು ಹೇಳಿ. 'ಪ್ರಾಣಿಗಳ ಹಾಗೆ' ಎಂಬ ಮಾತು ಬಿಡಿ. ವಾಸಿಯಾದವರನ್ನು 'ರೋಗಿ' ಎನ್ನಬೇಡಿ, ಅವರ ಮಾತ್ರೆ ಮುಗಿದಿದೆ. ಕೈ ಎತ್ತಿ ತೋರಿಸಿ ಎಂದು ಯಾರಿಗೂ ಹೇಳಬೇಡಿ. ಹತ್ತು ನಿಮಿಷ ಮೈಕ್ ಅವರಿಗೆ ಕೊಡಿ. ಏನು ಮಾತಾಡುತ್ತಾರೋ ಎಂಬ ಹೆದರಿಕೆ ನಿಮಗಿದೆ, ನನಗೆ ಗೊತ್ತು. ನನಗೂ ಇತ್ತು. ಬೈಯುತ್ತಾರೆ. ಬೈಯಲಿ. ಹಚಿಸನ್ ಅವರಿಗೆ ಒಂದು ವಸತಿಯನ್ನೇ ನಡೆಸಲು ಬಂತು, ನಮ್ಮವರಿಗೆ ಹತ್ತು ನಿಮಿಷ ಮಾತಾಡಲು ಬರುವುದಿಲ್ಲವೇ?

ಕಾರ್ಯಕ್ರಮದ ಖರ್ಚಿನ ಪಟ್ಟಿ ಬರೆಯುವ ಮುಂಚೆ ಹಿಂದಿನ ಸಾಲಿನಲ್ಲಿ ಕೂರುವವರನ್ನು ಒಮ್ಮೆ ಕೇಳಿ, ಏನು ಬೇಕು ಎಂದು. ಕಂಬಳಿ ಎನ್ನಲಾರರು.

ನಾನು ಮೇಲೆ ಹೇಳಿದ ಹಿರಿಯರು ಇನ್ನೂ ಇದ್ದಾರೆ. ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಕೇಳಿದೆ, "ನಾನೇ ಹೇಳ್ತೀನಿ, ಮೈಕ್ ಕೊಡಲಿ" ಎಂದರು.

ಇತಿ ನಿಮ್ಮವನೇ ಆದ,
ಒಬ್ಬ ನಿವೃತ್ತ ಕುಷ್ಠರೋಗ ಕಾರ್ಯಕರ್ತ

ಮರೆತಿದ್ದೆ: ಚಪ್ಪಲಿಯ ಅಳತೆ ಎಂಟು. ಎಡಗಾಲಿನ ಪಟ್ಟಿ ಸ್ವಲ್ಪ ಸಡಿಲ ಇರಬೇಕು, ಹೆಬ್ಬೆರಳ ಹತ್ತಿರ ಹಳೆಯ ಹುಣ್ಣಿದೆ.